ನಲವತ್ತೇಳನೇ ಮೇಜಿನ ನೀಲಿ ಪಾತ್ರೆ

ನನ್ನ ಬಲಗೈ ಮೇಲೆ ಒಂದು ಬೂಟು.

ಬೂಟಿನೊಳಗೆ ರೈಮೋನ ಕಾಲು. ಕಾಲಿನ ಮೇಲೆ ನೂರಾ ಹತ್ತು ಕಿಲೋ ರೈಮೋ!

"ಬಿಡೇ ಹಿಲ್ಕಾ!"

"ಮೊದಲು ನೀನು ಕಾಲು ತೆಗಿ!"

"ಮೊದಲು ನೀನು ಪಾತ್ರೆ ಬಿಡು!"

ನಾನು ಮೇಜಿನ ಕೆಳಗೆ ಅಂಗಾತ ಬಿದ್ದಿದ್ದೆ. ಎಡಗೈಯಲ್ಲಿ ಪಾತ್ರೆಯ ಬುಡ. ಅವನ ಕೈಯಲ್ಲಿ ಪಾತ್ರೆಯ ಹಿಡಿ. ಅವನಿನ್ನೂ ಪೂರ್ತಿ ಭಾರ ಬಿಟ್ಟಿರಲಿಲ್ಲ. ಬಿಡುತ್ತೇನೆ ಅಂತ ಹೆದರಿಸುತ್ತಿದ್ದ, ಅಷ್ಟೇ.

"ಅರವತ್ಮೂರು ವರ್ಷ ಆಯ್ತು ನಿಂಗೆ," ಅಂದ. "ಈ ವಯಸ್ಸಲ್ಲಿ ಮುರಿದ ಬೆರಳು ಕೂಡಲ್ಲ ಕಣೇ."

"ಐವತ್ತೈದು ಆಯ್ತು ನಿಂಗೆ. ಈ ವಯಸ್ಸಲ್ಲಾದ್ರೂ ಬುದ್ಧಿ ಬರಬೇಕಿತ್ತು."

ಬೂಟು ಒಂದು ಚೂರು ಒತ್ತಿತು. ನನಗೆ ಕಣ್ಣಲ್ಲಿ ನೀರು ಬಂತು.

ನಗಬೇಡಿ! ಇದು ನನ್ನ ಕಸುಬು. ಕೋಟ್ಕಾ ಬಂದರಿನ ಕಸ್ಟಮ್ಸ್‌ನಲ್ಲಿ ಮೂವತ್ತೊಂದು ವರ್ಷ ಕಂಡವರ ಪೆಟ್ಟಿಗೆ ಬಿಚ್ಚಿದೆ. ರಿಟೈರಾದ ಮೇಲೆ ಕಿರ್ಪಿಸ್ ಅನ್ನುವ ಹಳೇ ಸಾಮಾನಿನ ಸಂತೆಯಲ್ಲಿ ಕಂಡವರ ಸಾಮಾನು ತಿರುವಿ ಹಾಕುತ್ತೇನೆ. ವ್ಯತ್ಯಾಸ ಏನೂ ಇಲ್ಲ. ಅಲ್ಲೂ ಬುಡ ನೋಡುತ್ತಿದ್ದೆ, ಇಲ್ಲೂ ಬುಡ ನೋಡುತ್ತೇನೆ.

ನಮ್ಮ ಕಿರ್ಪಿಸ್ ಇರುವುದು ಹಳೇ ಹಗ್ಗದ ಕಾರ್ಖಾನೆಯಲ್ಲಿ. ನೂರಾ ನಲವತ್ತು ಮೇಜು. ವಾರಕ್ಕಿಷ್ಟು ಅಂತ ಬಾಡಿಗೆ ಕೊಟ್ಟು ಮೇಜು ಹಿಡಿಯುತ್ತೀರಿ. ಬೇಡದ ಸಾಮಾನು ಜೋಡಿಸುತ್ತೀರಿ. ಒಂದೊಂದಕ್ಕೂ ಮೇಜಿನ ನಂಬರು, ಬೆಲೆ ಬರೆದ ಚೀಟಿ ಅಂಟಿಸುತ್ತೀರಿ. ಆಮೇಲೆ ಮನೆಗೆ ಹೋಗಿ ಕಾಫಿ ಕುಡಿಯುತ್ತೀರಿ. ಮಾರುವ ಕೆಲಸ ಕೌಂಟರಿನಲ್ಲಿ ಕೂತ ಮೆರ್ವಿಯದು. ಮಾರುವವರ ಮುಖ ಕೊಳ್ಳುವವರಿಗೆ ಕಾಣುವುದೇ ಇಲ್ಲ.

ಎಡವಟ್ಟು ಆಗುವುದೇ ಅಲ್ಲಿ!

ಇಪ್ಪತ್ತು ನಿಮಿಷದ ಹಿಂದೆ ನನ್ನ ಫೋನ್ ಹೊಡೆದುಕೊಂಡಿತ್ತು.

"ಹಿಲ್ಕಾ... ನಾನು ಸತ್ತೆ ಕಣೇ."

"ಸತ್ತವರು ಫೋನ್ ಮಾಡಲ್ಲ ತೌನೋ. ವಿಷಯ ಹೇಳು."

ಕ್ಯಾಪ್ಟನ್ ತೌನೋ. ದೊಡ್ಡ ಹಡಗುಗಳನ್ನು ಬಂದರಿಗೆ ಎಳೆದು ತರುವ ಟಗ್ ಓಡಿಸುತ್ತಿದ್ದವನು. ಹೆಂಡತಿ ಮೈರೆಯನ್ನು ಬಿಟ್ಟರೆ ಡಿಸೆಂಬರ್ ಗಾಳಿಗೂ ಹೆದರದ ಮನುಷ್ಯ. ಈಗ ಅವನ ದನಿ ನಡುಗುತ್ತಿತ್ತು.

"ಮೈರೆ ತಂಗಿ ಮನೆಗೆ ಹೋಗಿ ಎರಡು ವಾರ ಆಯ್ತಲ್ಲ. ಬರೋದ್ರೊಳಗೆ ಖುಷಿ ಪಡಿಸೋಣ ಅಂತ ಅಡುಗೆಮನೆ ಕಪಾಟು ಕ್ಲೀನ್ ಮಾಡ್ದೆ."

"ಅಯ್ಯೋ ದೇವರೇ."

"ಬೇಡದ್ದನ್ನೆಲ್ಲ ತಗೊಂಡೋಗಿ ಕಿರ್ಪಿಸ್‌ನಲ್ಲಿ ಇಟ್ಟೆ. ನಲವತ್ತೇಳನೇ ಮೇಜು. ನೀಟಾಗಿ ಚೀಟಿ ಎಲ್ಲಾ ಬರೆದು..."

"ಏನೇನು ಇಟ್ಟೆ?"

"ತಟ್ಟೆ, ಕೇಕ್ ಅಚ್ಚು, ಅದೂ ಇದೂ... ಆಮೇಲೆ ಒಂದು ನೀಲಿ ಪಾತ್ರೆ. ಕಬ್ಬಿಣದ್ದು. ಎರಡು ಯೂರೋಗೆ."

ನಾನು ಕುರ್ಚಿ ಎಳೆದುಕೊಂಡು ಕೂತೆ.

"ಕಳಚಿ ತೆಗೆಯೋ ಮರದ ಹಿಡಿ? ಬುಡದಲ್ಲಿ ಮೀನಿನ ಗುರುತು?"

"ಹೂಂ! ನಿಂಗೆ ಹೇಗೆ ಗೊತ್ತು?"

ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಮೀನಿನ ಗುರುತಿನ ಎರಕದ ಕಾರ್ಖಾನೆ ಮುಚ್ಚಿ ಐವತ್ತು ವರ್ಷ ದಾಟಿತು. ಅವರು ಮಾಡಿದ್ದೆಲ್ಲ ಕಪ್ಪು ಪಾತ್ರೆ. ನೀಲಿ ಮಾಡಿದ್ದು ಒಂದೇ ಒಂದು ಚಳಿಗಾಲ. ಹೆಲ್ಸಿಂಕಿಯ ಶೋಕಿಲಾಲರು ಅದಕ್ಕೆ ಆರುನೂರು ಯೂರೋ ಕೊಟ್ಟು, ಅದರಲ್ಲಿ ಏನೂ ಬೇಯಿಸದೆ, ಗಾಜಿನ ಕಪಾಟಿನಲ್ಲಿ ಇಟ್ಟು ನೋಡುತ್ತಾರೆ.

ಆದರೆ ಪ್ರಶ್ನೆ ಆರುನೂರು ಯೂರೋದ್ದಲ್ಲ.

"ತೌನೋ. ಅದು ಮೈರೆ ಅಮ್ಮನ ಪಾತ್ರೆ. ಅಮ್ಮ ತೀರಿಕೊಂಡಾಗ ಆ ಮನೆಯಿಂದ ಅವಳು ತಂದಿದ್ದು ಅದೊಂದೇ."

"ಈಗ ಗೊತ್ತಾಯ್ತು..."

"ನಲವತ್ತು ವರ್ಷದಿಂದ ಪ್ರತಿ ಶನಿವಾರ ನಿಂಗೆ ಅದರಲ್ಲೇ ಮಾಂಸ ಬೇಯಿಸಿ ಹಾಕಿದ್ದಾಳೆ!"

"ನಾನು ತಟ್ಟೆ ನೋಡ್ತೀನಿ ಕಣೇ, ಪಾತ್ರೆ ಎಲ್ಲಿ ನೋಡ್ತೀನಿ? ಈಗ ಬಸ್ಸಿಂದ ಫೋನ್ ಮಾಡಿದ್ಲು. ಮಾಂಸ ತಂದಿಡು, ಬಂದ ತಕ್ಷಣ ಅಮ್ಮನ ಪಾತ್ರೆಗೆ ಹಾಕಿ ಓವನ್‌ಗೆ ಇಡ್ತೀನಿ ಅಂದ್ಲು. ಮೂರು ನಲವತ್ತಕ್ಕೆ ಮನೇಲಿರ್ತಾಳೆ. ನನ್ನ ಮಂಡಿ ಗೊತ್ತಲ್ಲ, ಮೆಟ್ಟಿಲು ಇಳಿಯೋಕೇ ಹತ್ತು ನಿಮಿಷ ಬೇಕು. ಹೊರಗೆ ಈ ಹಾಳು ಗಾಳಿ ಬೇರೆ! ನನ್ನ ಬಾರೋಮೀಟರ್ ಇದ್ದಿದ್ರೆ ಗಾಳಿ ಬರೋದನ್ನ ನಿನ್ನೇನೇ ಹೇಳ್ತಿತ್ತು. ಮೈರೆ ಅದನ್ನ ರಿಪೇರಿಗೆ ಕೊಟ್ಟು ಹೋಗಿದ್ದಾಳೆ."

"ನನ್ನ ಫೀಸು?"

"ಇವತ್ತಿನ ಶನಿವಾರದ ಊಟ. ನಾನು ಬದುಕಿದ್ರೆ."

ನಾನು ಕೋಟು ಹಾಕಿಕೊಂಡೆ. ಮೂರು ಗಂಟೆಗೆ ಕಿರ್ಪಿಸ್ ಬಾಗಿಲು ದಾಟಿದೆ. ನಲವತ್ತೇಳನೇ ಮೇಜಿನ ತಳದ ಹಲಗೆಯಲ್ಲಿ, ಹಳೇ ಕೇಕ್ ಅಚ್ಚುಗಳ ಹಿಂದೆ, ನೀಲಿ ಬಣ್ಣ ಮಿಂಚಿತು. ಮೇಜಿನ ಕೆಳಗೆ ತೂರಿ ಹಿಂದಿನಿಂದ ಕೈ ಹಾಕಿದೆ.

ಅದೇ ಕ್ಷಣಕ್ಕೆ ಮುಂದಿನಿಂದ ಇನ್ನೊಂದು ಕೈ ಬಂತು!

ರೈಮೋ. ಹೆಲ್ಸಿಂಕಿಯ ಅಂಗಡಿಗಳಿಗೆ ಮಾಲು ಸಾಗಿಸುವವನು. ಐದು ವರ್ಷದಿಂದ ನನ್ನ ಶನಿ.

ಮುಂದಿನದು ನಿಮಗೆ ಗೊತ್ತೇ ಇದೆ. ಬೂಟು.

ಕಿರ್ಪಿಸ್‌ನಲ್ಲಿ ಒಂದು ಕಾನೂನಿದೆ. ಯಾರೂ ಬರೆದಿಟ್ಟಿಲ್ಲ, ಎಲ್ಲರೂ ಪಾಲಿಸುತ್ತಾರೆ. ಹಿಡಿ ಯಾರ ಕೈಯಲ್ಲೋ ಮಾಲು ಅವರದ್ದು. ಹಿಡಿ ರೈಮೋನ ಕೈಯಲ್ಲಿತ್ತು. ನನ್ನ ಕೈಗೆ ಸಿಕ್ಕಿದ್ದು ಬರೀ ಬುಡ.

ಬುಡದಲ್ಲಿ... ನನ್ನ ಹೆಬ್ಬೆರಳಿಗೆ ಏನೋ ತಾಗಿತು. ಕಾಗದದ ಅಂಚು.

ಚೀಟಿ!

ಕಿರ್ಪಿಸ್‌ನಲ್ಲಿ ಚೀಟಿ ಕೀಳುವುದಕ್ಕಿಂತ ದೊಡ್ಡ ಪಾಪ ಇಲ್ಲ. ಚೀಟಿ ಕಿತ್ತ ಒಬ್ಬ ಹೆಂಗಸಿನ ಜೊತೆ ಈ ಊರಿನಲ್ಲಿ ಏಳು ವರ್ಷದಿಂದ ಯಾರೂ ಕಾಫಿ ಕುಡಿದಿಲ್ಲ. ಅದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಉಗುರು ಹಾಕಿದೆ. ನಿಧಾನವಾಗಿ ಎಬ್ಬಿಸಿದೆ. ಪೂರ್ತಿ ಬಂತು.

"ಸರಿ," ಅಂದೆ. "ತಗೋ."

ರೈಮೋ ಕಣ್ಣು ಕಿರಿದು ಮಾಡಿದ. "ಏನು?"

"ನೀನೇ ಗೆದ್ದೆ. ತಗೊಂಡು ಹೋಗು."

"ನೀನು ಹಾಗೆಲ್ಲ ಬಿಡೋಳಲ್ಲ."

"ವಯಸ್ಸಾಯ್ತಲ್ಲ. ನೀನೇ ಹೇಳ್ದೆ."

ಬೂಟು ಮೇಲೆದ್ದಿತು. ಅವನು ಪಾತ್ರೆ ಎದೆಗವಚಿಕೊಂಡು ಕೌಂಟರಿನ ಕಡೆ ಓಡಿದ. ನಾನು ಎದ್ದು ಚೀಟಿ ನೋಡಿದೆ. ಹಡಗಿನ ದಿನಚರಿ ಬರೆದು ಬರೆದು ಪಳಗಿದ ತೌನೋನ ದುಂಡು ಅಕ್ಷರ.

ಮೇಜು 47. ಹಳೇದು, ಗಟ್ಟಿಮುಟ್ಟು. 2 ಯೂರೋ.

ಬಿಸಾಡಲು ಜಾಗ ಇರಲಿಲ್ಲ. ಸುತ್ತ ಜನ. ಕೋಟಿನ ತೋಳಿನ ಹಿಂಬದಿಗೆ ಅಂಟಿಸಿಕೊಂಡು ಕೌಂಟರಿಗೆ ನಡೆದೆ. ನನ್ನ ಲೆಕ್ಕ ಸುಲಭವಾಗಿತ್ತು. ಚೀಟಿ ಇಲ್ಲದ ಮಾಲನ್ನು ಮೆರ್ವಿ ಮಾರುವುದಿಲ್ಲ. ಮಾಲೀಕರಿಗೆ ಫೋನ್ ಮಾಡುತ್ತಾಳೆ. ತೌನೋ ಫೋನ್ ಎತ್ತಿ, ಅದು ಮಾರಾಟಕ್ಕಿಲ್ಲ ಅನ್ನುತ್ತಾನೆ. ಕತೆ ಮುಗಿಯುತ್ತೆ.

"ಚೀಟಿ ಎಲ್ಲಿ?" ಮೆರ್ವಿ ಕೇಳಿದಳು. ಪಾತ್ರೆ ತಿರುಗಿಸಿದಳು, ಮುಚ್ಚಳ ತೆಗೆದು ಒಳಗೆ ಇಣುಕಿದಳು.

"ಇತ್ತು!" ರೈಮೋ ಕೂಗಿದ. "ಎರಡು ಯೂರೋ! ನನ್ನ ಕಣ್ಣಾರೆ ನೋಡಿದ್ದೀನಿ! ಇವಳೇ ಕಿತ್ತಿದ್ದಾಳೆ!"

"ನಾನಾ?" ಅಂದೆ. "ನನ್ನ ಕೈ ನೀನು ತುಳಿದುಕೊಂಡು ನಿಂತಿದ್ದೆ!"

ಕೆಂಪಗಾದ ಬಲಗೈ ಎತ್ತಿ ತೋರಿಸಿದೆ. ಸಾಲಿನಲ್ಲಿ ನಿಂತ ಹೆಂಗಸರೆಲ್ಲ ರೈಮೋನನ್ನು ದುರುಗುಟ್ಟಿಕೊಂಡು ನೋಡಿದರು.

"ಹೆಂಗಸರ ಕೈ ತುಳೀತೀಯೇನೋ?" ಒಬ್ಬಳು ಕೇಳಿದಳು.

"ಸುಮ್ನಿರಿ ಎಲ್ರೂ!" ಮೆರ್ವಿ ಮೇಜು ಕುಟ್ಟಿದಳು. "ಚೀಟಿ ಇಲ್ದಿದ್ರೆ ಮಾಲು ಯಾರದ್ದೂ ಅಲ್ಲ. ಬೆಲೆ ಕೇಳ್ತೀನಿ. ಬೆಲೆ ಹೇಳಿದ ಮೇಲೆ ಯಾರ ದುಡ್ಡು ಮೊದಲು ನನ್ನ ಕೈಗೆ ಬರುತ್ತೋ ಅವರದ್ದು. ಯಾವ ಮೇಜು?"

"ನಲವತ್ತೇಳು," ಅಂದೆ. ಒಳಗೊಳಗೇ ಶಿಳ್ಳೆ ಹೊಡೆಯುತ್ತಿದ್ದೆ.

ಮೆರ್ವಿ ಕಂಪ್ಯೂಟರ್ ನೋಡಿದಳು. "ನಲವತ್ತೇಳು... ಮೈರೆ ಹೆಸರಲ್ಲಿದೆ."

ಶಿಳ್ಳೆ ನಿಂತಿತು.

"ಮೈರೆ?"

"ಹೂಂ. ಕ್ಯಾಪ್ಟನ್ ಹೊಸದಾಗಿ ಹೆಸರು ಬರೆಸೋದು ಯಾಕೆ, ಹೆಂಡತಿ ಹೆಸರು ಇದೆಯಲ್ಲ, ಅದರಲ್ಲೇ ಹಾಕು ಅಂದ್ರು. ಫೋನ್ ನಂಬರೂ ಅವರದ್ದೇ."

ಮೂವತ್ತೊಂದು ವರ್ಷದ ಅನುಭವ ನೀರುಪಾಲು! ನನ್ನ ಪಾಪದ ಕೈಯಿಂದಲೇ ನಾನು ತೌನೋನ ಕುತ್ತಿಗೆಗೆ ಹಗ್ಗ ಬಿಗಿದಿದ್ದೆ.

"ಮೆರ್ವಿ, ಒಂದ್ನಿಮಿಷ..."

ಅವಳು ಆಗಲೇ ನಂಬರ್ ಒತ್ತಿ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟಿದ್ದಳು. ಅವಳ ಕೈಗಳು ಯಾರದೋ ಕಾಫಿ ಕಪ್‌ಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದವು.

"ಹಲೋ?" ಮೈರೆಯ ದನಿ. ಹಿಂದೆ ಬಸ್ಸಿನ ಸದ್ದು.

"ಮೈರೆ, ನಾನು ಕಿರ್ಪಿಸ್ ಮೆರ್ವಿ. ನಿಮ್ಮ ಮೇಜಿಂದು ಒಂದು ಸಾಮಾನಿಗೆ ಚೀಟಿ ಬಿದ್ದೋಗಿದೆ. ನಿಮ್ಮ ಹೆಸರಲ್ಲಿ ಈಗ ಎರಡು ಮೇಜು ಇವೆಯಲ್ಲ..."

ನಾನು ಮೊಣಕೈ ಬೀಸಿದೆ.

ಕೌಂಟರಿನ ತುದಿಯಲ್ಲಿದ್ದ ಚಮಚ, ಮುಳ್ಳುಚಮಚಗಳ ಡಬ್ಬ ನೆಲಕ್ಕೆ ಬಿತ್ತು. ಇನ್ನೂರು ಚಮಚ, ಕಲ್ಲಿನ ನೆಲ! ಕಾರ್ಖಾನೆಗೆ ಕಾರ್ಖಾನೆಯೇ ಗಲಗಲ ಅಂದಿತು.

"ಏನದು?" ಮೈರೆ ಕಿರುಚಿದಳು. "ಮೆರ್ವಿ! ತೌನೋ ಅಲ್ಲಿಗೆ ಬಂದಿದ್ದಾನಾ? ಅವನಿಗೆ ಗೊತ್ತಾಯ್ತಾ?"

"ಇಲ್ಲ ಇಲ್ಲ, ಚಮಚ ಬಿತ್ತು. ಬೆಲೆ ಎಷ್ಟು ಹೇಳಿ..."

"ಯಾವುದಾದ್ರೂ ಇರ್ಲಿ, ಒಂದು ಯೂರೋಗೆ ಕೊಟ್ಬಿಡು! ನಾನು ಮನೆ ಸೇರೋದ್ರೊಳಗೆ ಆ ಮೇಜು ಖಾಲಿಯಾಗ್ಲಿ! ಆ ಮನುಷ್ಯನಿಗೆ ಮಾತ್ರ ಗೊತ್ತಾಗಬಾರದು!"

ಫೋನ್ ಕಟ್ಟಾಯಿತು.

ಒಂದು ಯೂರೋ. ತನ್ನ ಅಮ್ಮನ ಪಾತ್ರೆಗೆ ಮೈರೆ ತಾನೇ ಬೆಲೆ ಕಟ್ಟಿದ್ದಳು, ಅದು ಯಾವ ಸಾಮಾನು ಅಂತ ಕೇಳದೆ!

ರೈಮೋ ಕಾರ್ಡ್ ತೆಗೆದು ಮಿಷನ್ನಿಗೆ ಒತ್ತಿದ. ನಾನು ಜೇಬಿಗೆ ಕೈ ಹಾಕಿದೆ.

ಮಿಷನ್ ಯೋಚಿಸಿತು. ದಯವಿಟ್ಟು ಕಾಯಿರಿ ಅಂತ ಬಂತು.

ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿ ಬಿಡಿಸಿಕೊಳ್ಳಲು ಒಂದು ನಾಣ್ಯ ಬೇಕಲ್ಲ? ಈ ಊರಲ್ಲಿ ಬುದ್ಧಿ ಇರುವ ಹೆಂಗಸರೆಲ್ಲ ಕೋಟಿನ ಜೇಬಿನಲ್ಲಿ ಅದಕ್ಕೇ ಅಂತ ಒಂದು ಯೂರೋ ಇಟ್ಟಿರುತ್ತಾರೆ. ನನ್ನದು ಎಂಟು ವರ್ಷ ಹಳೆಯದು.

ಟಪ್ ಅಂತ ಮೆರ್ವಿಯ ಅಂಗೈಯಲ್ಲಿಟ್ಟೆ.

"ಪಾತ್ರೆ ಹಿಲ್ಕಾದು," ಅಂದಳು ಮೆರ್ವಿ. "ಚಮಚ ಎಲ್ಲ ಅವರೇ ಎತ್ತಿಡ್ತಾರೆ."

"ಮೋಸ!" ರೈಮೋ ಗುಡುಗಿದ.

"ಮಿಷನ್‌ಗೆ ಹೇಳು," ಅಂದೆ.

ಚಮಚ ಎತ್ತಿಟ್ಟೆ. ಮೂರು ಇಪ್ಪತ್ತು. ಆದರೆ ಒಂದು ಮಾತು ನನ್ನ ಕಿವಿಯಲ್ಲೇ ಉಳಿದಿತ್ತು. ಎರಡು ಮೇಜು...

"ಮೆರ್ವಿ, ಮೈರೆದು ಇನ್ನೊಂದು ಯಾವ ಮೇಜು?"

"ನೂರಾ ಹನ್ನೆರಡು. ಊರಿಗೆ ಹೋಗೋ ಮುಂಚೆ ಮೂರು ವಾರಕ್ಕೆ ಹಿಡಿದಿದ್ರು."

ಪಾತ್ರೆ ಕಂಕುಳಲ್ಲಿ ಇಟ್ಟುಕೊಂಡು ನೂರಾ ಹನ್ನೆರಡಕ್ಕೆ ಹೋದೆ. ರೈಮೋ ಬಾಲದಂತೆ ಹಿಂದೆಯೇ ಬಂದ.

"ಇನ್ನೂರು ಕೊಡ್ತೀನಿ ಹಿಲ್ಕಾ. ಈಗಲೇ. ಇಲ್ಲೇ."

ನಾನು ಮೇಜಿನ ಮುಂದೆ ನಿಂತುಬಿಟ್ಟೆ. ಮೇಜಿನ ಮೇಲೆ ತೌನೋನ ಅರ್ಧ ಬದುಕು ಬೆಲೆ ಚೀಟಿ ಅಂಟಿಸಿಕೊಂಡು ಕೂತಿತ್ತು. ಮೀನು ಹಿಡಿಯುವ ಹಳೇ ಟೋಪಿ. ಒಡೆದ ದುರ್ಬೀನು. ನಡುವೆ, ಗುಂಡಗೆ, ಹಿತ್ತಾಳೆಯದೊಂದು... ಬಾರೋಮೀಟರ್!

ತಿರುಗಿಸಿ ಹಿಂದೆ ನೋಡಿದೆ. ಕೆತ್ತನೆ ಇತ್ತು. 'ಕ್ಯಾಪ್ಟನ್ ತೌನೋಗೆ, ಟಗ್‌ನ ಹುಡುಗರಿಂದ.' ಅದರ ಕೆಳಗೆ ನೂರು ವರ್ಷ ಹಳೆಯ ಲಂಡನ್ ತಯಾರಕನ ಮುದ್ರೆ. ಆ ಹುಡುಗರು ಅದನ್ನು ಯಾವುದೋ ಒಡೆದ ಹಡಗಿನಿಂದ ಕಳಚಿ ತಂದಿರಬೇಕು. ಸಾವಿರ ಯೂರೋಗೆ ಒಂದು ಪೈಸೆ ಕಮ್ಮಿ ಇಲ್ಲ.

ಮೈರೆಯ ಚೀಟಿ ಹೇಳುತ್ತಿತ್ತು: ಮೇಜು 112. ಗೋಡೆಗೆ ನೇತು ಹಾಕಬಹುದು. ಯಾವಾಗಲೂ ತಪ್ಪು ಹೇಳುತ್ತೆ. 14 ಯೂರೋ.

ರಿಪೇರಿಯಂತೆ ರಿಪೇರಿ!

ನಾನು ಗೋಡೆಗೆ ಒರಗಿ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಒಂದೇ ಸೂರು, ಒಂದೇ ಕಿರ್ಪಿಸ್, ಇಬ್ಬರದೂ ಒಂದೇ ಗುಟ್ಟು. ಗಂಡ ಹೆಂಡತಿಯ ಸಾಮಾನು ಮಾರಲು ಇಟ್ಟಿದ್ದ, ಹೆಂಡತಿ ಗಂಡನ ಸಾಮಾನು ಮಾರಲು ಇಟ್ಟಿದ್ದಳು!

"ಏನಾಯ್ತೇ ನಿಂಗೆ?" ರೈಮೋ ಕೇಳಿದ. "ಮುನ್ನೂರು!"

ಅವನ ಕಣ್ಣು ಪಾತ್ರೆ ಬಿಟ್ಟು ಕದಲಿರಲಿಲ್ಲ. ಸಾವಿರ ಯೂರೋದ ಮಾಲು ಅವನ ಮೂಗಿನ ಕೆಳಗೇ ಇತ್ತು. ಕುರುಡ!

ಹದಿನಾಲ್ಕು ಯೂರೋ ಕೊಟ್ಟೆ. ಈ ಸಲ ಮಿಷನ್ ತಕ್ಷಣ ಒಪ್ಪಿಕೊಂಡಿತು. ಬಾರೋಮೀಟರ್ ನನ್ನದಾಯಿತು. ಕಾನೂನು ಪ್ರಕಾರ, ಚೀಟಿಯನ್ನು ಮೆರ್ವಿಯೇ ಕಿತ್ತಿಟ್ಟುಕೊಂಡಳು. ಸುಳ್ಳು ಹೇಳುವುದಿಲ್ಲ, ನನಗೆ ಆಸೆಯಾಯಿತು. ನನ್ನ ಹಾಲ್‌ನಲ್ಲಿ ಕಿಟಕಿಯ ಪಕ್ಕ ಒಂದು ಖಾಲಿ ಮೊಳೆ ಇದೆ. ಆ ಮೊಳೆಯನ್ನು ನೆನೆಸಿಕೊಳ್ಳುತ್ತಲೇ ಸೈಕಲ್ ಏರಿದೆ.

ಹೊರಗೆ ಗಾಳಿ ಹುಚ್ಚೆದ್ದಿತ್ತು. ಪಾತ್ರೆ ಮುಂದಿನ ಬುಟ್ಟಿಯಲ್ಲಿ, ಬಾರೋಮೀಟರ್ ಬೆನ್ನಿನ ಚೀಲದಲ್ಲಿ. ಸೇತುವೆ ಮೇಲೆ ಅರ್ಧ ದೂರ ಹೋಗಿದ್ದೆ. ಪಕ್ಕಕ್ಕೆ ಬಿಳಿ ವ್ಯಾನ್ ಬಂತು. ಕಿಟಕಿಯಲ್ಲಿ ರೈಮೋನ ಕೆಂಪು ಮುಖ.

"ನಾನೂರು!"

"ಮುಂದೆ ನೋಡ್ಕೊಂಡು ಓಡಿಸೋ!"

"ನಾನೂರೈವತ್ತು! ನಿಂಗೇನು ತಲೆ ಕೆಟ್ಟಿದೆಯಾ? ಅದನ್ನಿಟ್ಕೊಂಡು ಏನು ಮಾಡ್ತೀಯಾ?"

"ಅಡುಗೆ!"

ಅವನಿಗೆ ನಿಜಕ್ಕೂ ನೋವಾಯಿತು. ಹಾರ್ನ್ ಹೊಡೆದು ವ್ಯಾನನ್ನು ನನ್ನ ಮುಂದಕ್ಕೆ ತಿರುಗಿಸಿದ. ದಾರಿ ಬಂದ್! ಬಲಕ್ಕೆ ಸೇತುವೆಯ ಕಂಬಿ. ಎಡಕ್ಕೆ ಪಾರ್ಕಿಗೆ ಇಳಿಯುವ ಮೆಟ್ಟಿಲು. ಹದಿನೆಂಟು ಮೆಟ್ಟಿಲು.

ಅರವತ್ಮೂರು ವರ್ಷದ ಹೆಂಗಸು ಸೈಕಲ್ ಮೇಲೆ ಕೂತೇ ಮೆಟ್ಟಿಲು ಇಳಿಯಬಾರದು. ಡಾಕ್ಟರು ಬರೆದೇ ಕೊಟ್ಟಿದ್ದಾರೆ.

ಇಳಿದೆ.

ಹಲ್ಲು, ಸೊಂಟ, ಪಾತ್ರೆಯ ಮುಚ್ಚಳ, ಮೂರೂ ಒಂದೇ ತಾಳದಲ್ಲಿ ಕುಣಿದವು. ಕೊನೆಯ ಮೆಟ್ಟಿಲಲ್ಲಿ ಬಾತುಕೋಳಿಗಳಿಗೆ ಬ್ರೆಡ್ಡು ಹಾಕುತ್ತಿದ್ದ ಒಬ್ಬ ಮುದುಕ ಚಪ್ಪಾಳೆ ಹೊಡೆದ. ಹಿಂದಿನಿಂದ ರೈಮೋನ ಕೂಗು ಗಾಳಿಯಲ್ಲಿ ತೇಲಿ ಬಂತು. "ಐನೂರೂ..."

ಮೂರು ಮೂವತ್ತೆಂಟಕ್ಕೆ ತೌನೋನ ಬಾಗಿಲು ಬಡಿದೆ. ಪಾತ್ರೆ ನೋಡಿ ಅವನು ಬಾಗಿಲಿಗೇ ಒರಗಿಕೊಂಡ. ಡಿಸೆಂಬರ್ ಗಾಳಿಗೆ ಹೆದರದ ಮನುಷ್ಯನ ಕಣ್ಣಲ್ಲಿ ನೀರು.

"ಹಿಲ್ಕಾ, ನೀನು ದೇವತೆ ಕಣೇ."

"ದೇವತೆ ಬೆನ್ನು ನೋಯ್ತಿದೆ. ಕಪಾಟು ತೆಗಿ ಬೇಗ!"

ಪಾತ್ರೆ ಅದರ ಜಾಗ ಸೇರಿತು. ಕಪಾಟಿನ ಬಾಗಿಲು ಮುಚ್ಚಿತು. ಅದೇ ಹೊತ್ತಿಗೆ ಹೊರಬಾಗಿಲಲ್ಲಿ ಕೀಲಿ ತಿರುಗಿತು.

ಮೈರೆ ಒಳಗೆ ಬಂದಳು. ಗಾಳಿಗೆ ಕೂದಲೆಲ್ಲ ಕೆದರಿತ್ತು. ನನ್ನನ್ನು ನೋಡಿದಳು. ತೌನೋನನ್ನು ನೋಡಿದಳು. ಆಮೇಲೆ ಗೋಡೆಯ ಮೇಲಿನ ಖಾಲಿ ಮೊಳೆಯನ್ನು ನೋಡಿ ತಕ್ಷಣ ಕಣ್ಣು ತಗ್ಗಿಸಿದಳು.

ಆ ಒಂದು ನೋಟಕ್ಕೆ ನನ್ನ ಹಾಲ್‌ನ ಮೊಳೆ ಸೋತಿತು. ಸಾವಿರ ಯೂರೋ ಹೋಯಿತು. ಹಾಳಾಗಿ ಹೋಗಲಿ ಅಂದುಕೊಂಡು ಚೀಲ ಬಿಚ್ಚಿದೆ.

"ರಿಪೇರಿ ಅಂಗಡಿ ಕಡೆಯಿಂದ ಬಂದೆ," ಅಂದೆ. "ನಿನ್ನ ಬಾರೋಮೀಟರ್ ರೆಡಿಯಾಗಿತ್ತು. ತಂದೆ."

ಮೈರೆಯ ಮುಖ ಬಿಳಿಚಿಕೊಂಡಿತು.

"ಎಷ್ಟು... ಎಷ್ಟು ತಗೊಂಡ ರಿಪೇರಿಗೆ?"

"ಹದಿನಾಲ್ಕು ಯೂರೋ."

"ಬರೀ ಹದಿನಾಲ್ಕಾ?" ತೌನೋ ಅದನ್ನು ಕಿತ್ತುಕೊಂಡು ಎದೆಗೆ ಒತ್ತಿಕೊಂಡ. "ನೋಡು ಮೈರೆ, ಎಂಥಾ ಪ್ರಾಮಾಣಿಕ ಕೆಲಸಗಾರ! ಈ ಕಾಲದಲ್ಲೂ ಇಂಥವರು ಇದ್ದಾರೆ!"

ಕುಂಟುವ ಮಂಡಿಯಲ್ಲೇ ಓಡಿಹೋಗಿ ಗೋಡೆಗೆ ನೇತು ಹಾಕಿದ. ಬೆರಳಿನಿಂದ ತಟ್ಟಿದ. ಮುಳ್ಳು ತಿರುಗಿ ನಿಂತಿತು. ಶಾಂತ, ನಿರ್ಮಲ ಹವೆ. ಹೊರಗೆ ಯಾರದೋ ಡಸ್ಟ್‌ಬಿನ್ ಗಾಳಿಗೆ ರಸ್ತೆಯುದ್ದಕ್ಕೂ ಉರುಳುತ್ತಿತ್ತು.

ಮೈರೆ ಯಾರನ್ನೂ ಮುಟ್ಟಿ ಮಾತಾಡುವವಳಲ್ಲ. ಇಪ್ಪತ್ತು ವರ್ಷದ ಪರಿಚಯದಲ್ಲಿ ನನ್ನ ಕೈ ಕುಲುಕಿದ್ದು ಎರಡು ಸಲ. ಈಗ ಹತ್ತಿರ ಬಂದು ನನ್ನ ತೋಳು ಹಿಡಿದಳು.

"ಥ್ಯಾಂಕ್ಸ್ ಹಿಲ್ಕಾ," ಅಂದಳು ಮೆಲ್ಲಗೆ. "ನೀನು ಇವತ್ತು..."

ಅವಳ ಬೆರಳಿಗೆ ಏನೋ ತಾಗಿತ್ತು.

ನನ್ನ ತೋಳಿನ ಹಿಂಬದಿ!

ಮೂವತ್ತೊಂದು ವರ್ಷ ಕಂಡವರ ಮೈಮೇಲೆ ಸಾಕ್ಷಿ ಹುಡುಕಿದವಳು ನಾನು. ನನ್ನ ಮೈಮೇಲಿನ ಸಾಕ್ಷಿಯನ್ನು ಊರು ತುಂಬಾ ಮೆರೆಸಿಕೊಂಡು ಬಂದಿದ್ದೆ.

ಮೈರೆ ಚೀಟಿ ಕಿತ್ತಳು. ಓದಿದಳು. ಅಕ್ಷರ ಯಾರದ್ದು ಅಂತ ಗುರುತು ಹಿಡಿಯಲು ಅವಳಿಗೆ ಕನ್ನಡಕ ಬೇಕಿರಲಿಲ್ಲ. ಹೋಗಿ ಕಪಾಟು ತೆಗೆದಳು. ಎದುರಿಗೇ ನೀಲಿ ಪಾತ್ರೆ ಇತ್ತು. ಅದರ ಸುತ್ತ ತಟ್ಟೆಗಳಿಲ್ಲ, ಕೇಕ್ ಅಚ್ಚಿಲ್ಲ. ಪಾತ್ರೆ ಎತ್ತಿ ಬುಡ ನೋಡಿದಳು. ಮೀನಿನ ಗುರುತಿನ ಪಕ್ಕ ಅಂಟಿನ ಕಲೆ.

ಅವಳು ಪಾತ್ರೆಯನ್ನು ಒಂದು ಕ್ಷಣ ಎದೆಗೆ ಅವಚಿಕೊಂಡಳು. ತೌನೋ ಬಾರೋಮೀಟರ್ ಅವಚಿಕೊಂಡಿದ್ದನಲ್ಲ, ಹಾಗೇ. ಆಮೇಲೆ ನನ್ನ ಕಡೆ ತಿರುಗಿದಳು. ನಾನು ಕಣ್ಣೆತ್ತಿ ಗೋಡೆಯ ಮೇಲಿನ ಬಾರೋಮೀಟರ್ ನೋಡಿದೆ, ಅಷ್ಟೇ. ಅವಳೂ ನೋಡಿದಳು. ಅವಳ ತುಟಿಯ ಅಂಚು ಅದುರಿತು. ಸಿಟ್ಟೋ ನಗುವೋ ಹೇಳಲಾಗದು, ನನಗೆ ನಗುವೇ ಅನ್ನಿಸಿತು.

"ತೌನೋ," ಕರೆದಳು.

"ಏನೇ?" ಅವನು ಇನ್ನೂ ಗಾಜು ಒರೆಸುತ್ತಿದ್ದ, ಬೆನ್ನು ನಮ್ಮ ಕಡೆಗಿತ್ತು.

"ಮಾಂಸ ತಂದ್ಯಾ?"

"ತಂದಿಟ್ಟಿದ್ದೀನಿ, ಫ್ರಿಜ್ಜಲ್ಲಿದೆ. ಹಿಲ್ಕಾಗೂ ಸೇರಿಸಿ ಮಾಡು!"

"ಜಾಣ," ಅಂದಳು. ಹಿಂದಿನಿಂದ ಹೋಗಿ ಅವನ ಬೆನ್ನು ತಟ್ಟಿದಳು. ಜೋರಾಗಿ, ಅಂಗೈ ಅಗಲಿಸಿ, ಎರಡು ಸಲ.

ಅವಳು ಕೈ ತೆಗೆದಾಗ ಚೀಟಿ ಅವನ ಸ್ವೆಟರಿನ ನಡುಬೆನ್ನಿಗೆ ಅಂಟಿಕೊಂಡಿತ್ತು.

ಮೇಜು 47. ಹಳೇದು, ಗಟ್ಟಿಮುಟ್ಟು. 2 ಯೂರೋ.

ಈ ಕಸುಬಿನಲ್ಲಿ ಪಳಗಿದವಳು ಹೇಳುತ್ತಿದ್ದೇನೆ, ಬರೆದಿಟ್ಟುಕೊಳ್ಳಿ... ರೇಟು ಸ್ವಲ್ಪ ಜಾಸ್ತಿಯಾಯಿತು!